ನಾದಿನಿಯ ಚೆಂಡು ನಡುಗುತ್ತಿದೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಅದೇ ಕೆಲಸ. ಚೆಂಡು ಬೀಳಿಸು, ಪುಟಿಯುವುದನ್ನು ನೋಡು, ಅದನ್ನು ಆಡಿಸುವ ಕೋಡ್‌ನಲ್ಲಿ, ನಮ್ಮ ಭಾಷೆಯಲ್ಲಿ ಸ್ಕ್ರಿಪ್ಟ್‌ನಲ್ಲಿ, ಅಂಕಿ ತಿದ್ದು, ಮತ್ತೆ ಬೀಳಿಸು. ನಮ್ಮ ಕಂಪನಿ ಕಂಪ್ಯೂಟರ್ ಒಳಗೆ ಕಟ್ಟಿರುವ ವರ್ಚುವಲ್ ಊರಿನಲ್ಲಿ ಮಕ್ಕಳ ಆಟದ ಬಯಲು ತೆರೆಯುತ್ತಿದೆ. ಅಲ್ಲಿಗೊಂದು ಚೆಂಡು ಬೇಕು. ನನ್ನದೇ ಅಂದುಕೊಂಡಿದ್ದೆ. ಇವತ್ತು ಮ್ಯಾನೇಜರ್, "ಹೊಸಬರೂ ಒಂದು ಮಾಡ್ಲಿ. ಶುಕ್ರವಾರ ಎರಡೂ ನೋಡಿ ಒಂದನ್ನ ಇಟ್ಕೊಳ್ಳೋಣ" ಅಂದರು.

ಹೊಸಬರು ಅಂದರೆ ಯಾರು? ನನ್ನ ನಾದಿನಿ. ಗಂಡನ ಮುದ್ದಿನ ತಂಗಿ. ಕೆಲಸಕ್ಕೆ ಶಿಫಾರಸು ಮಾಡಿದವಳು ನಾನೇ. ಬೀದಿಯಲ್ಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಮಾರ್ಚ್ 4

ಅವಳ ಚೆಂಡು ನೋಡಿದೆ. ಹಾಳಾದ್ದು, ಚೆನ್ನಾಗಿದೆ. ಬಿದ್ದಾಗ ತುಸು ಚಪ್ಪಟೆಯಾಗುತ್ತದೆ. ತಿರುಗಿಸಿ ಎಸೆದರೆ ವಾಲಿಕೊಂಡು ಹಾರುತ್ತದೆ. ನನ್ನದು ಶಾಲೆಯ ಲೆಕ್ಕದ ಹಾಗೆ... ಸರಿಯಾಗಿದೆ, ಅಷ್ಟೇ. ಹೊಟ್ಟೆ ಉರಿಯಿತು.

ಊಟಕ್ಕೆ ಕೂತಾಗ ಅತ್ತೆ, "ನಮ್ಮ ಪುಟ್ಟಿ ಸೇರಿ ತಿಂಗಳಾಗಿಲ್ಲ, ಆಗ್ಲೇ ದೊಡ್ಡ ಕೆಲಸ ಕೊಟ್ಟಿದ್ದಾರಂತೆ!" ಅದೇ ಕೆಲಸ ವರ್ಷಗಟ್ಟಲೆ ಮಾಡಿದ ಸೊಸೆ ಎದುರಿಗೇ ಕೂತಿದ್ದಳು. ಕಣ್ಣಿಗೇ ಬೀಳಲಿಲ್ಲ. ಇವರೂ ತಲೆಯಾಡಿಸಿದರು.

ಮಾರ್ಚ್ 5, ಮಧ್ಯಾಹ್ನ

ಪುಟ್ಟಿ ಕುರ್ಚಿ ಎಳೆದುಕೊಂಡು ಬಂದಳು. "ಅತ್ತಿಗೆ, ಇದೊಂದು ನೋಡ್ತೀರಾ? ಕೊನೇಲಿ ನಿಲ್ತಾನೇ ಇಲ್ಲ. ನೆಲದ ಮೇಲೆ ನಡುಗ್ತಾ ಇರತ್ತೆ."

ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಮದ್ದು ನನಗೆ ಗೊತ್ತು. ಒಂದೇ ಸಾಲು — ವೇಗ ತೀರಾ ಕಡಿಮೆಯಾದರೆ ಚೆಂಡನ್ನು ನಿಲ್ಲಿಸಿಬಿಡು. ನನ್ನ ಸ್ಕ್ರಿಪ್ಟ್‌ನಲ್ಲಿ ಇದೆ.

"ಏನೂ ಆಗಲ್ಲ, ಹಾಗೇ ಬಿಡು" ಅಂದೆ.

"ನೀವು ಹೇಳಿದ್ಮೇಲೆ ಮುಗೀತು" ಅಂತ ಹೋದಳು. ಪಾಪ ಅನ್ನಿಸಲಿಲ್ಲ. ನಡುಗಲಿ. ಎಲ್ಲರೆದುರು ನಡುಗಲಿ.

ಮಾರ್ಚ್ 8, ಶನಿವಾರ

ನಿನ್ನೆ ಪೆನ್ನು ಹಿಡಿಯಲು ಆಗಲಿಲ್ಲ.

ಮ್ಯಾನೇಜರ್ ಎರಡೂ ಚೆಂಡನ್ನು ಬಯಲಿನ ಜಾರುಬಂಡೆಯ ಮೇಲಿಟ್ಟರು, ಮೆಲ್ಲಗೆ. ನನ್ನದು ಇಳಿಜಾರಿನಲ್ಲೇ ನಿಂತುಬಿಟ್ಟಿತು, ಗೋಂದು ಹಚ್ಚಿದ ಹಾಗೆ. ಅದೇ ಸಾಲು! ವೇಗ ಕಡಿಮೆ, ನಿಲ್ಲಿಸು... ಇಳಿಜಾರೋ ಸಮನೆಲವೋ ಅದಕ್ಕೇನು ಗೊತ್ತು. ಇಷ್ಟು ದಿನ ಸಮನೆಲದ ಮೇಲೇ ಬೀಳಿಸಿ ನೋಡಿದ್ದೆ. ಪುಟ್ಟಿಯದು ನಡುಗುತ್ತಲೇ ಉರುಳಿತು, ಕೆಳಗೆ ಬಿದ್ದು ಪುಟಿಯಿತು. ಚಪ್ಪಾಳೆ.

ಸಾಲದ್ದಕ್ಕೆ ಅವಳು ಎದ್ದು ನಿಂತು, "ನಾನು ನಿಲ್ಸೋಕೆ ಹೊರಟಿದ್ದೆ ಸಾರ್. ಹಾಗೇ ಬಿಡು ಅಂದಿದ್ದು ನಮ್ಮ ಅತ್ತಿಗೆ" ಅಂದಳು. ಮ್ಯಾನೇಜರ್ ನನ್ನ ಕೈ ಕುಲುಕಿದರು. ಭೂಮಿ ಬಾಯಿ ಬಿಡಬಾರದಿತ್ತೇ.

ಮಾರ್ಚ್ 9, ಭಾನುವಾರ

ಅತ್ತೆ ಫೋನಿನಲ್ಲಿ ತಮ್ಮ ಅಕ್ಕನಿಗೆ: "ಎಲ್ಲಾ ನಮ್ಮ ಸೊಸೆ ಹೇಳ್ಕೊಟ್ಟಿದ್ದು ಕಣಕ್ಕ. ಚಿನ್ನದಂಥ ಹುಡುಗಿ." ಮದುವೆಯಾದಾಗಿನಿಂದ ಕಾದಿದ್ದ ಮಾತು. ಸಿಕ್ಕಿದ್ದು ಯಾತಕ್ಕೆ ನೋಡು.

ಸಂಜೆ

ಪುಟ್ಟಿ ಬಂದು ಹಾಸಿಗೆಯ ಮೇಲೆ ಕೂತಳು. "ಅತ್ತಿಗೆ, ಗುರುವಾರ ನಿಮ್ಮ ಸ್ಕ್ರಿಪ್ಟ್ ತೆಗೆದು ನೋಡಿದೆ. ನಿಲ್ಸೋ ಸಾಲು ಇತ್ತು. ನನ್ನ ಚೆಂಡಿಗೂ ಹಾಕ್ದೆ. ಜಾರುಬಂಡೆ ಮೇಲೆ ಅಂಟ್ಕೊಳ್ತು. ತೆಗೆದ್ಬಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಂಗೆ ಹೇಳಿದ್ರಾ?"

ಕಳ್ಳಿ! ನನ್ನದೂ ಅಂಟಿಕೊಳ್ಳುತ್ತೆ ಅಂತ ಗೊತ್ತಿದ್ದೇ ಬಚ್ಚಿಟ್ಟಿದ್ದಳು. ಕೋಪ ಬರಬೇಕಿತ್ತು, ನಗು ಬಂತು. ಅವಳಿಗೂ ಹೊಟ್ಟೆ ಉರಿದಿತ್ತು, ನನ್ನನ್ನು ನೋಡಿ! ಈ ಮನೆಯಲ್ಲಿ ನನ್ನನ್ನು ನೋಡಿ ಉರಿದುಕೊಳ್ಳುವವರೂ ಇದ್ದಾರೆ.

ನಾಳೆ ಬಯಲು ತೆರೆಯುತ್ತದೆ. ಚೆಂಡು ಸಮನೆಲದ ಮೇಲೆ ಇನ್ನೂ ನಡುಗುತ್ತಿದೆ. ಇಬ್ಬರೂ ಸೇರಿ ಸರಿ ಮಾಡೋಣ ಅಂದೆ. ಚಾರ್ಜರ್ ತರಲು ಹೋಗಿದ್ದಾಳೆ. ಚೆಂಡು ಮಾಡಿದವರು ಅಂತ ಯಾರ ಹೆಸರು ಮೊದಲು ಹಾಕುವುದು ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.