ಓ ಅಂದವನು

ನವೆಂಬರ್ ೩, ಸೋಮವಾರ. ಸಂಜೆ.

ಬೆಳಿಗ್ಗೆ ತಿಕೋಟಾ ಬಸ್ಸಿನಲ್ಲಿ ಸೀಟಿಲ್ಲ. ಬ್ಯಾಂಕಿನಲ್ಲಿ ಮಧ್ಯಾಹ್ನದವರೆಗೂ ಸರ್ವರ್ ಡೌನ್. ಕಳ್ಳಕವಟಗಿಯ ಹಿರಿಯರೊಬ್ಬರು ಅದಕ್ಕೂ ನನ್ನನ್ನೇ ಬೈದರು. ಬೈಯಲಿ, ಸಂಬಳದಲ್ಲಿ ಅದೂ ಸೇರಿದೆ.

ಬರುವಾಗ ಕಿಟಕಿ ಸೀಟು. ಹೆಡ್‌ಫೋನ್ ಹಾಕಿದೆ. ಗೆಳೆಯ ನಿಜಾಮುದ್ದೀನ ಕಳಿಸಿದ ಲಿಂಕು — ಗ್ರಾನೈಟ್ ಹೌಂಡ್ಸ್ ಎಂಬ ರಾಕ್ ಬ್ಯಾಂಡಿನ ಕಾರ್ಯಕ್ರಮ, ಬಾಂಬೆ, ಡಿಸೆಂಬರ್ ೧೯೯೦. ಯಾರೋ ಜನರ ನಡುವೆ ನಿಂತು ಜೇಬಿನ ರೆಕಾರ್ಡರಿನಲ್ಲಿ ಕದ್ದು ತುಂಬಿಕೊಂಡ ಕ್ಯಾಸೆಟ್. ಹಾಸ್ಟೆಲಿನಲ್ಲಿ ಇದರ ಕಾಪಿಯ ಕಾಪಿ ಕೇಳಿದ್ದೆ, ಗಿಟಾರ್ ಅಂದರೆ ಹಿಟ್ಟಿನ ಗಿರಣಿ. ಈಗ ಜರ್ಮನಿಯ ಒಬ್ಬಾತ ಮೂಲ ಕ್ಯಾಸೆಟ್ಟನ್ನೇ ಹುಡುಕಿ, ತಿಕ್ಕಿ ತೊಳೆದು, ರೀಮಾಸ್ಟರ್ ಮಾಡಿ ಹಾಕಿದ್ದಾನೆ. ಎಂಥ ಸೌಂಡು... ಡ್ರಮ್ಮು ಎದೆಯ ಒಳಗೇ ಬಡಿದಂತೆ.

ಮೂರನೇ ಹಾಡು ಮುಗಿಯಿತು. ಚಪ್ಪಾಳೆ ಇಳಿಯಿತು. ಗಿಟಾರಿನವನು ತಂತಿ ಬಿಗಿ ಮಾಡುತ್ತಿದ್ದ. ಆಗ ಬಂತು — ಕುರಿ ಕರೆಯುವ ಕೂಗು. ನಮ್ಮ ಮನೆಯ ಕೂಗು.

ಸ್ಟ್ಯಾಂಡು ಬಂದದ್ದು ಗೊತ್ತಾಗಲಿಲ್ಲ. ಕಂಡಕ್ಟರ್ ಭುಜ ತಟ್ಟಿದ. "ಇಳೀರಿ ಸರ, ವಿಜಯಪುರ ಬಂತು."

ನವೆಂಬರ್ ೪.

ಮತ್ತೆ ಕೇಳಿದೆ. ಬೆಳಿಗ್ಗೆ, ಬಸ್ಸಿನಲ್ಲಿ, ಬ್ಯಾಂಕಿನ ಪಾಯಖಾನೆಯಲ್ಲಿ. ಅದೇ.

ಕುರಿ ಕಾಯುವವರಲ್ಲಿ ಮನೆಗೊಂದು ಕೂಗು. ಒಬ್ಬರ ಕೂಗಿಗೆ ಇನ್ನೊಬ್ಬರ ಕುರಿ ತಿರುಗುವುದಿಲ್ಲ. ನಮ್ಮದು ಉದ್ದಕ್ಕೆ ಏರಿ, ನಡುವೆ ಒಮ್ಮೆ ಮುರಿದು, ಮತ್ತೆ ಏಳುತ್ತದೆ. ಆ ಮುರಿಯುವ ಜಾಗ ನನಗೇ ಬರಲಿಲ್ಲ. ಅಪ್ಪನಿಗೆ ಬರುತ್ತದೆ. ದೊಡ್ಡಪ್ಪ ಶಾಂತಪ್ಪನಿಗೆ ಬರುತ್ತಿತ್ತಂತೆ.

ದೊಡ್ಡಪ್ಪನನ್ನು ನಾನು ನೋಡಿಲ್ಲ. ದುಡಿಯಲು ಮುಂಬೈಗೆ ಹೋದವನು ಅಲ್ಲೇ ಸತ್ತ. ಅವ್ವ ಮೊದಲು ಅವನ ಹೆಂಡತಿ. ಆಮೇಲೆ ಮೈದುನನಾದ ಅಪ್ಪನ ಜೊತೆ ಉಡಿಕಿ, ಅಂದರೆ ಮರುಮದುವೆ, ಆಯಿತು, ಮರುವರ್ಷ ನಾನು ಹುಟ್ಟಿದೆ. ನಮ್ಮಲ್ಲಿ ಇದೇನು ಮುಚ್ಚಿಡುವ ಸಂಗತಿಯಲ್ಲ. ಊರಿನ ಮನೆಯಲ್ಲಿ ಅವನ ಫೋಟೋ ಇದೆ. ಕೆಳಗೆ ಸತ್ತ ವರ್ಷ — ೧೯೮೯.

ಕಾರ್ಯಕ್ರಮ ೧೯೯೦ರದು.

 ಬರೆಯುವುದು ಸಾಕು.

ನವೆಂಬರ್ ೯, ಭಾನುವಾರ. ಮಮದಾಪುರ.

ಮೊದಲ ಬಸ್ಸಿಗೆ ಊರಿಗೆ ಬಂದೆ. ಸುವರ್ಣಾಗೆ ಅಪ್ಪನ ಮಂಡಿನೋವಿನ ನೆಪ ಹೇಳಿದೆ. "ಡಬ್ಬಾ ಬಡಿಯೂ ಹಾಡು ಕೇಳಿ ಕೇಳಿ ತಲಿ ಕೆಟ್ಟೈತಿ ನಿಮಗ" ಅಂದಳು. ಹೆಂಡತಿಯ ಅಂದಾಜು ಪೂರ್ತಿ ತಪ್ಪೇನಲ್ಲ.

ಅಪ್ಪ ಕೆರೆಯ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ರೊಟ್ಟಿ ಬಿಚ್ಚಿದ್ದ. ಏನೂ ಹೇಳದೆ ಫೋನಿನ ಸ್ಪೀಕರ್ ಹಚ್ಚಿದೆ. ಗದ್ದಲ, ಸಿಳ್ಳೆ... ಆಮೇಲೆ ಕೂಗು.

ಕುರಿಗಳು ತಲೆ ಎತ್ತಿದವು. ಮೇಯುತ್ತಿದ್ದ ಅಷ್ಟೂ. ಎರಡು ಮುದಿ ಕುರಿ ನನ್ನ ಕಡೆ ನಡೆದೇ ಬಂದವು. 

ಅಪ್ಪನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ಎಲ್ಲಿ ಸಿಕ್ಕತು ಇದು?"

"ಮುಂಬೈದು. ತೊಂಬತ್ತನೇ ಇಸವಿದು. ದೊಡ್ಡಪ್ಪ ಕುರಿ ಕರದಂಗ ಐತಲ್ಲಪ್ಪ?"

"ಇದು ಕರಿಯೂದಲ್ಲ" ಅಂದ ಅಪ್ಪ. "ಕಡೀಕ ಕೆಳಗ ಇಳಿತೈತಿ ನೋಡು. ಯಾರರ ಕರದ್ರ ಓ ಅನ್ನೂದು ಇದು."

ಅಂದವನೇ ತಡೆದ. ಆಡಬಾರದ್ದು ಆಡಿದವರ ಮುಖ. ರೊಟ್ಟಿ ಅಲ್ಲೇ ಬಿಟ್ಟು ಕೋಲು ಹಿಡಿದು ಎದ್ದ. ಮಂಡಿನೋವಿನವನು ದಡದಡ ನಡೆದ. ಕುರಿ ಅವನ ಹಿಂದೆ.

ಓ ಅಂದಿದ್ದರೆ ಕರೆದವರು ಯಾರು?

ನವೆಂಬರ್ ೧೨.

ಅವ್ವ ಕಣ್ಣು ತೋರಿಸಲು ವಿಜಯಪುರಕ್ಕೆ ಬಂದಿದ್ದಾಳೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಸುಮ್ಮನೆ ಕೇಳಿದೆ, ಟೇಪಿನ ಸುದ್ದಿ ಎತ್ತದೆ. "ನೀ ಯಾವಾಗರ ಮುಂಬೈ ನೋಡೀ ಏನ ಬೇ?"

"ನೋಡೇನಿ."

ಮೂವತ್ತು ದಾಟಿದ ಮಗ ನಾನು. ಇವತ್ತಿನವರೆಗೆ ಇದು ಗೊತ್ತಿರಲಿಲ್ಲ.

ಅವಳೇ ಹೇಳಿದಳು. ದೊಡ್ಡಪ್ಪನ ಕಾಗದ ಬರುವುದು ನಿಂತು ವರ್ಷವಾಗಿತ್ತು. ಸತ್ತಾನಂತ ಕೆಲವರು, ಇದ್ದಾನಂತ ಕೆಲವರು. ದೊಡ್ಡ ದೊಡ್ಡ ಹಾಡಿನ ಕಾರ್ಯಕ್ರಮಕ್ಕೆ ಸ್ಟೇಜು ಕಟ್ಟುವ ಗ್ಯಾಂಗಿನಲ್ಲಿ ಕಂಡೆ ಅಂತ ನಿಡೋಣಿಯ ಒಬ್ಬ ಹೇಳಿದ. ಅವ್ವ, ಅಪ್ಪ ಇಬ್ಬರೂ ಹುಡುಕಲು ಹೋದರು.

"ನನ್ನ ಗೇಟಿನ ಕಡೆ ನಿಲ್ಲಿಸಿ ನಿಮ್ಮಪ್ಪ ಒಳಗ ಹೋದ. ಜನಾ ಅಂದ್ರ ಜನಾ, ಆ ಬಡಿತ ಅಂದ್ರ ಬಡಿತ. ಹೆಸರ ಹಿಡದು ಕರೀಲಾಕ ಹೆಂಗ ಬರತೈತಿ ಗಂಡನ್ನ? ಬಡಿತ ನಿಂತ ಕೂಡಲೆ ಕುರಿ ಕರದಂಗ ಕರದ್ನಿ. ಬ್ಯಾರೆ ಯಾರೂ ತಿರಗಂಗಿಲ್ಲ, ಅಂವಾ ತಿರಗತಾನ ಅಂತ."



"ಓ ಅಂದನೇನು?"

ಅವ್ವ ಕಣ್ಣು ಒರೆಸಿಕೊಂಡಳು. ಹನಿಯೋ ಏನೋ. "ಗದ್ದಲದಾಗ ಏನ ಕೇಳತೈತಿ. ನಿಮ್ಮಪ್ಪ ಬಂದು ಸಿಗಲಿಲ್ಲ ಅಂದ. ಊರಿಗೆ ಬಂದ್ನಿ, ಬಳಿ ಒಡದ್ನಿ. ಹೋದ ವರ್ಷನ ಸತ್ತಾನಂತ ಊರವರು ಬರಸಿದ್ರು."

ಅವಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಟೇಪು ಹಚ್ಚಿದೆ. ಆ ಕೂಗಿಗೂ ಮುಂಚೆ, ದೂರದಲ್ಲಿ, ಸಣ್ಣಗೆ... ಹೆಣ್ಣು ದನಿ. ಇಪ್ಪತ್ತು ದಾಟಿದ ನನ್ನ ಅವ್ವ. ಆಮೇಲೆ ಹತ್ತಿರದಿಂದಲೇ ದೊಡ್ಡಪ್ಪ. ಓ ಅಂದಿದ್ದಾನೆ. ಬದುಕಿದ್ದ ಅವನು, ಮತ್ತು ಓ ಅಂದಿದ್ದ.

ನವೆಂಬರ್ ೧೩.

ರಜೆ ಹಾಕಿದೆ. ಗಾಂಧಿ ಚೌಕದ ಹತ್ತಿರ ನಿಜಾಮುದ್ದೀನನ ರಿಪೇರಿ ಅಂಗಡಿ. ಓ ಅಂದ ಮೇಲೆ ಏನೋ ಗುಜುಗುಜು ಇದೆ, ಅಷ್ಟರಲ್ಲಿ ಗಿಟಾರ್ ನುಂಗುತ್ತದೆ. ಅವನ ಕಂಪ್ಯೂಟರಿನಲ್ಲಿ ದನಿ ಬೇರೆ, ವಾದ್ಯ ಬೇರೆ ಮಾಡುವ ಸಾಫ್ಟ್‌ವೇರ್ ಇದೆ. ಗಿಟಾರ್ ತೆಗೆದ.

ಮಾತು ಉಳಿಯಿತು. ನಮ್ಮ ಕಡೆಯ ಮಾತು. ಸ್ಟೇಜಿನ ಬುಡದಲ್ಲಿ, ರೆಕಾರ್ಡರಿನವನ ಪಕ್ಕದಲ್ಲೇ ನಿಂತವರದಿರಬೇಕು, ಅಷ್ಟು ಸ್ಪಷ್ಟ.

"ಓ ಅನಬ್ಯಾಡೋ ಯಣ್ಣಾ. ಸಿಗಲಿಲ್ಲಂತ ಹೇಳು ಅಂದಾಂವ ನೀನ. ಈಗ ನೀನ ಓ ಅಂತೀ?"

ಅಪ್ಪನ ದನಿ.

ನಿಜಾಮುದ್ದೀನ ಹೆಡ್‌ಫೋನ್ ತೆಗೆದಿಟ್ಟ. "ಮಹಾದೇವ, ಇದು ನಿಮ್ಮ ಮನಿ ಮಾತು. ನಾ ಕೇಳಿಲ್ಲ ಅಂತ ತಿಳಕೋ." ಚಹಾ ಹೇಳಲು ಹೊರಗೆ ಹೋದ.

ಅಪ್ಪ ದೊಡ್ಡಪ್ಪನನ್ನು ಕಂಡಿದ್ದ. ಮಾತಾಡಿದ್ದ. ದೊಡ್ಡಪ್ಪನೇ ಹೇಳಿಸಿದ್ದಾದರೂ, ಗೇಟಿಗೆ ಬಂದು ಸಿಗಲಿಲ್ಲ ಅಂದವನು ಅಪ್ಪ. ಆಮೇಲೆ ಅವ್ವನನ್ನೇ ಉಡಿಕಿ ಮಾಡಿಕೊಂಡ. ನಾನು ಹುಟ್ಟಿದ್ದೇ ಆ ಒಂದು ಸುಳ್ಳಿನಿಂದ. ಅಪ್ಪನ ಮೇಲೆ ಸಿಟ್ಟು ಬಂದಿದೆ. ಅಂಥ ಸಿಟ್ಟು ಹಿಂದೆ ಯಾವತ್ತೂ ಬಂದಿಲ್ಲ.

ಇದು ಅವ್ವನ ಕಿವಿಗೆ ಬಿದ್ದರೆ ಮನೆ ಮುರಿಯುತ್ತದೆ. ಓ ಅಂದಲ್ಲಿಗೇ ಫೈಲು ಕತ್ತರಿಸಿ ಬೇರೆ ಇಟ್ಟೆ. ಪೂರ್ತಿಯದನ್ನು ಅಳಿಸಬೇಕು. ಆಗಲಿಲ್ಲ.

ನವೆಂಬರ್ ೨೮.

ಇಷ್ಟು ದಿನ ಬರೆಯಲಿಲ್ಲ. ಹಾಡೂ ಕೇಳಿಲ್ಲ.

ಅವ್ವನ ಫೋನು. "ನಿಮ್ಮಪ್ಪ ಬಾಯಾಗ ತುತ್ತ ಇಡವಲ್ಲ. ನೀ ಬಂದು ಹೋದಾಗಿಂದ. ಫೋನಿನಾಗ ಏನ ಕೇಳಿಸೀದಿ ಅವಂಗ? ಐತವಾರ ಬಾ. ಅದನ್ನೂ ತಗೊಂಡ ಬಾ."

ನವೆಂಬರ್ ೩೦, ಭಾನುವಾರ. ಮಮದಾಪುರ. ಹಟ್ಟಿಯ ಕಟ್ಟೆ.

ಈಗಷ್ಟೇ ಆದದ್ದು. ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಇರಲಿ.

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅರ್ಧ ಆಗಿದ್ದಾನೆ. ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಅವನನ್ನು ನೋಡಿ ಎಲ್ಲೋ ಹೋಯಿತು. ಅವ್ವ ನನ್ನ ಎದುರು ಕೂತು "ಹಚ್ಚು" ಅಂದಳು.

ಕತ್ತರಿಸಿದ್ದನ್ನು ಹಚ್ಚಿದೆ. ಅವಳ ಕೂಗು. ತನ್ನ ಹರೆಯದ ದನಿ ಕೇಳಿ ಕಣ್ಣು ಮುಚ್ಚಿದಳು. ಆಮೇಲೆ ದೊಡ್ಡಪ್ಪನ ಓ. ನಿಲ್ಲಿಸಿದೆ.

ಅವಳು ಬೆಚ್ಚಲಿಲ್ಲ. ಬೆಚ್ಚಿದ್ದು ನಾನು, ಅವಳು ಬೆಚ್ಚಲಿಲ್ಲವೆಂದು.

"ಮುಂದಿಂದು ಹಚ್ಚು."

"ಅಷ್ಟ ಐತಿ ಬೇ."

"ಅಷ್ಟಕ್ಕ ಇಂವಾ ಊಟ ಬಿಟ್ಟಿಲ್ಲ."

ಅಪ್ಪ ಬಾಯಿ ಬಿಟ್ಟ. "ಪೂರಾ ಹಚ್ಚೋ ಮಹಾದೇವ. ನನಗ ಗೊತ್ತೈತಿ ಅದರಾಗ ಏನೈತಿ."

ಹಚ್ಚಿದೆ. ಬೇರೆ ದಾರಿ ಇರಲಿಲ್ಲ. ಕೂಗು, ಓ, ಆಮೇಲೆ ಅಪ್ಪನ ಮಾತು. ಹೊಲದ ನಡುವಿನ ಈ ಮನೆಯಲ್ಲಿ ಅದು ಇನ್ನೂ ಸ್ಪಷ್ಟ ಕೇಳಿತು. ಅವ್ವ ಏಳುತ್ತಾಳೆ, ಗಂಟು ಕಟ್ಟುತ್ತಾಳೆ ಅಂದುಕೊಂಡೆ.

"ಇನ್ನೊಮ್ಮೆ."

ಮತ್ತೆ ಹಚ್ಚಿದೆ. ಸಿಗಲಿಲ್ಲಂತ ಹೇಳು ಅಂದಾಂವ ನೀನ —

"ಅಂವಾ ಓ ಅಂದದ್ದು ಆವತ್ತ ಕೇಳಿತ್ತು ನನಗ" ಅಂದಳು ಅವ್ವ.

ಅಪ್ಪ ತಲೆ ಎತ್ತಿದ. ನಾನು ಟೇಪು ನಿಲ್ಲಿಸಿದೆ.

"ಕೇಳಿತ್ತು. ಅದಾನ ಅಂತ ಗೊತ್ತಾತು. ಆಮ್ಯಾಲ ನೀ ಬಂದಿ. ಸಿಗಲಿಲ್ಲ ಅಂದಿ. ನನ್ನ ಕಟ್ಟಿಕೊಳ್ಳಾಕ ಸುಳ್ಳ ಹೇಳಾಕತ್ತಾನ ಅಂತ ತಿಳಕೊಂಡ್ನಿ. ಬಳಿ ಒಡದ ಮ್ಯಾಲೂ, ಓ ಅಂದಾಂವ ನನ್ನ ಹಿಂದ ಊರಿಗೆ ಬರತಾನೇನಂತ ಒಂದ ಸುಗ್ಗಿ ತನಕ ದಾರಿ ನೋಡಿದ್ನಿ. ಬರಲಿಲ್ಲ. ಎಲ್ಲಿ ಹೋಗಲಿ? ಉಡಿಕಿ ಆದ್ನಿ. ಕಳ್ಳಗ ರೊಟ್ಟಿ ಬಡದ ಹಾಕಾಕತ್ತೇನಿ ಅಂತ ತಿಳಕೊಂಡ ಹಾಕ್ಕೋತ ಬಂದೇನಿ, ಈ ಮುಂಜಾನಿ ತನಕ."

ಅಪ್ಪ ಗೋಡೆಯಿಂದ ಬೆನ್ನು ಎತ್ತಿದ. "ಆಣಿ ಹಾಕಿಸಿಕೊಂಡಿದ್ದ ಅಂವಾ. ಅಲ್ಲೇ ಬ್ಯಾರೆ ಹೆಂಗಸಿನ ಜೋಡಿ ಮನಿ ಮಾಡಿದ್ದ. ನಿನಗ ಹೇಳಬ್ಯಾಡ, ಸತ್ತಾನಂತ ತಿಳೀಲಿ ಅಂದ. ನೀ ಕರದಿ... ಬಾಯಿ ತಡೀಲಿಲ್ಲ ಅವಂದು."

"ಅಂವಂದು ಬಿಡು" ಅಂದಳು ಅವ್ವ. ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಅಪ್ಪನ ಹೆಸರು ಹಿಡಿದು ಕರೆದಳು. ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಆ ಹೆಸರು ಅವಳ ಬಾಯಿಂದ ಕೇಳಿರಲಿಲ್ಲ. ಮೈದುನನಾಗಿದ್ದಾಗ ಹಾಗೇ ಕರೆಯುತ್ತಿದ್ದಿರಬೇಕು.

"ಧೂಳಪ್ಪಾ."

ಅಪ್ಪನಿಗೆ ಓ ಅನ್ನಲು ಆಗಲಿಲ್ಲ.  ಅವಳು ಇನ್ನೊಮ್ಮೆ ಕರೆದಳು. ಅವನು ಗೋಡೆ ಹಿಡಿದು ಎದ್ದು, ಕಡೆಗೆ ಕೆಳಗಿಳಿಯುವ ನಮ್ಮ ಮನೆಯ ಕೂಗಿನಲ್ಲೇ ಓ ಅಂದ.