ವೈನಿಯ ತುರುಬು, ನನ್ನ ಇಲಿಬಾಲ

ಇಂದಿರಾ ವೈನಿ,

ಅಲ್ಲಿ ಯಾರಾದರೂ ನಿಮಗೊಂದು ಕನ್ನಡಿ ಕೊಟ್ಟಿದ್ದಾರೆಯೇ? ಕೊಟ್ಟಿರದಿದ್ದರೆ ಕೇಳಿ ಇಸಿದುಕೊಳ್ಳಿ, ಸಂಕೋಚ ಮಾಡಬೇಡಿ. ನೀವು ಹೋಗಿ ವರ್ಷ ದಾಟಿತು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹಾಳೆ ಹರಿದು ಎಸೆಯುತ್ತಿದ್ದೆ. ಬೈಗುಳ ಈಗಲೂ ಕಡಿಮೆಯಾಗಿಲ್ಲ, ಆದರೆ ನಿಮಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಅಕ್ಷರ ಸೊಟ್ಟಗಿದೆ ಎಂದು ಮಾಸ್ತರಿಕೆ ಹೂಡಿ ಕೆಂಪು ಪೆನ್ನು ತೆಗೆಯಬೇಡಿ. ದೀಪಾವಳಿಗೆ ಮುಂಚೆ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಳಿಯುವಾಗ ಬಿದ್ದೆ. ಟೊಂಕದ ಎಲುಬು, ಬಲಗೈ ಮಣಿಕಟ್ಟು, ಎರಡೂ ಮುರಿದವು. ಪ್ಲಾಸ್ಟರ್ ಮೊನ್ನೆ ಬಿಚ್ಚಿದ್ದಾರೆ, ಬೆರಳು ಇನ್ನೂ ಹೇಳಿದ ಮಾತು ಕೇಳುವುದಿಲ್ಲ.

ಎದುರುಬದುರು ಫ್ಲ್ಯಾಟಿನಲ್ಲಿ ನಾವು ಮುದುಕಿಯರಾದದ್ದು ನಿಮ್ಮ ಬಾಲ್ಕನಿಯಲ್ಲೇ ಅಲ್ಲವೇ? ರವಿವಾರ ಮಧ್ಯಾಹ್ನ ನೀವು ತಲೆ ಸ್ನಾನ ಮಾಡಿ, ಮೊಣಕಾಲು ಮುಟ್ಟುವ ಕೂದಲನ್ನು ಬಿಸಿಲಿಗೆ ಹರಡಿ ಕೂತಿರುತ್ತಿದ್ದಿರಿ. ನೆರೆತು ಬೆಳ್ಳಗಾದ ಮೇಲೂ ಅದರ ಗಾತ್ರ ಕಡಿಮೆಯಾಗಲಿಲ್ಲ. ನಾನು ಪಕ್ಕದಲ್ಲಿ ಚಹಾ ಹಿಡಿದು ಕೂತರೆ ನನ್ನ ಜಡೆ ಎತ್ತಿ ನೋಡಿ ನಗುತ್ತಿದ್ದಿರಿ. "ಕುಸುಮಾ, ಇದು ಜಡಿ ಅಲ್ಲ, ಇಲಿಬಾಲ." ನಾಚಾರಂ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಪಕ್ಕದ ಟೇಬಲ್ಲಿನ ಹುಡುಗಿಯ ಹಾಗೆ ಕುತ್ತಿಗೆವರೆಗೆ ಕತ್ತರಿಸಿಕೊಳ್ಳುವ ಆಸೆಯಿತ್ತು, ಅತ್ತೆಗೆ ಹೆದರಿ ಬಿಟ್ಟೆ ಎಂದು ಹೇಳಿದ್ದು ನಿಮ್ಮೊಬ್ಬರಿಗೇ. ನೀವು ಅಂದದ್ದಿಷ್ಟು: "ನಿನ್ನ ತಲಿ, ನಿನ್ನ ಮರ್ಜಿ."

ಅದೇ ಬಾಲ್ಕನಿಯಲ್ಲಿ ಒಂದು ಸಲ ನಿಮ್ಮ ಅಜ್ಜಿಯ ಕಥೆ ಹೇಳಿದಿರಿ. ಕಲಬುರಗಿಯ ಕಡೆಯ ಹಳ್ಳಿ, ಗಂಡ ಸತ್ತಾಗ ಅಜ್ಜಿಗೆ ಇನ್ನೂ ಎಳೇ ವಯಸ್ಸು. ಹಜಾಮನನ್ನು ಹಿತ್ತಲಿಗೆ ಕರೆಸಿದರು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ನೀವು ಚಿಕ್ಕವರಿದ್ದಾಗ ಆ ತಲೆ ಮುಟ್ಟಿ ನೋಡಿದ್ದಿರಂತೆ, ಒರಟು ಒರಟು. ಮುಟ್ಟಿದ ಕೂಡಲೇ ಅಜ್ಜಿ ಸೆರಗು ಎಳೆದು ಹಣೆವರೆಗೆ ಮುಚ್ಚಿಕೊಂಡರಂತೆ. ಯಾರಾದರೂ ಎದುರು ಬಂದರೂ ಅಷ್ಟೇ, ಇರುವೆ ಬಂದರೂ ಅಷ್ಟೇ, ಕೈ ತನ್ನಷ್ಟಕ್ಕೆ ಸೆರಗಿಗೆ ಹೋಗುತ್ತಿತ್ತಂತೆ. ಹೇಳುತ್ತ ಹೇಳುತ್ತ ನೀವೇ ನಿಮ್ಮ ತುರುಬು ಮುಟ್ಟಿ ನೋಡಿಕೊಂಡಿರಿ.

ನಿಮ್ಮ ರಾಯರು ತೀರಿಕೊಂಡು ಹದಿಮೂರು ದಿನ ಕಳೆದ ಮರುದಿನ ನೆನಪಿದೆಯೇ? ಎಣ್ಣೆ ಹಚ್ಚಿ, ಬಾಚಿ, ಎಂದಿನಷ್ಟೇ ದೊಡ್ಡ ತುರುಬು ಕಟ್ಟಿ ಶಾಲೆಗೆ ಗಣಿತ ಕಲಿಸಲು ಹೊರಟಿರಿ. ನಿಮ್ಮ ಸೋದರತ್ತೆ ಬಾಗಿಲಲ್ಲಿ ನಿಂತು, "ಇನ್ನ ಯಾರಿಗೆ ತೋರಸ್ಲಿಕ್ಕೆ ಇಷ್ಟು ಸಿಂಗಾರ, ಇಂದಿರಾ?" ಎಂದರು. "ನನಗ ತೋರಸ್ಕೊಳ್ಳಿಕ್ಕೆ, ಅತ್ಯಾ. ಕನ್ನಡಿಯೊಳಗ ನಾನೇ ಇರ್ತೀನಲ್ಲ," ಎಂದು ನೀವು ಮೆಟ್ಟಿಲಿಳಿದಿರಿ. ಎದುರಿನ ಬಾಗಿಲಲ್ಲಿ ನಿಂತು ಕೇಳಿದ ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತ್ತು.

ಆಮೇಲೆ ಲಕ್ವಾ ಹೊಡೆಯಿತು. ಬಲಭಾಗ ಬಿತ್ತು, ಮಾತು ನಿಂತಿತು. ಬುದ್ಧಿ ನಿಂತಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವಲ್ಲ, ಎಡಗೈ ಮುಷ್ಟಿ ಹಿಡಿದರೆ ಬೇಕು, ಅಂಗೈ ಅಡ್ಡ ತಂದರೆ ಬೇಡ. ಚಹಾಕ್ಕೆ ಮುಷ್ಟಿ, ಗಂಜಿಗೆ ಅಂಗೈ. ಟಿವಿ ಧಾರಾವಾಹಿಗೆ ಎಂಥಾ ಅಂಗೈ ತರುತ್ತಿದ್ದಿರಿ, ಮುಖಕ್ಕೇ ಬಡಿಯುವ ಹಾಗೆ! ಇಷ್ಟು ಸಲೀಸು ಇತ್ತು ವೈನಿ. ನಿಮ್ಮ ಮಗನಿಗೂ ಸೊಸೆಗೂ ತೋರಿಸಿಕೊಟ್ಟೆ. "ಹೌದ್ರೀ ಆಂಟಿ, ಭಾಳ ಛಲೋ," ಅಂದರು. ಅಂದು, ನರ್ಸಿಂಗ್ ಏಜೆನ್ಸಿಗೆ ಫೋನ್ ಮಾಡಿದರು.

ಆ ಏಜೆನ್ಸಿಯ ಸೂಪರ್‌ವೈಸರ್ ಹೆಂಗಸು ಮೊದಲ ದಿನವೇ ನಿಮ್ಮ ಗಲ್ಲ ಹಿಂಡಿ, "ಇನ್ನು ಇವರು ನಮ್ಮ ಬೇಬಿ," ಅಂದಳು. ಸಾವಿರಾರು ಮಕ್ಕಳಿಗೆ ಬೀಜಗಣಿತ ಕಲಿಸಿದವರು ಬೇಬಿ! ಹನ್ನೆರಡನೇ ವಯಸ್ಸಿನಿಂದ ಸೀರೆ ಬಿಟ್ಟು ಬೇರೆ ಉಡದವರಿಗೆ ಮುಂದೆ ಗುಂಡಿ ಇರುವ ನೈಟಿ ತೊಡಿಸಿದಳು. ಬಾತ್‌ರೂಮಿಗೆ ಹೋಗಬೇಕೆಂದು ನೀವು ಕೈಸನ್ನೆ ಮಾಡಿದರೆ, "ಡೈಪರ್ ಇದೆಯಲ್ಲ ಅಮ್ಮಾ, ಅದರಲ್ಲೇ ಮಾಡಿ," ಅಂದಳು. ನಿಮಗೆ ಬರುತ್ತಿತ್ತು, ತಡೆದುಕೊಳ್ಳಲೂ ಆಗುತ್ತಿತ್ತು, ಯಾರಾದರೂ ಕೈ ಹಿಡಿದು ಕರೆದೊಯ್ದರೆ ಸಾಕಿತ್ತು. ಅವರಿಗೆ ಅದು ಬೇಡವಾಗಿತ್ತು. ಮನೆಗೆ ಬಂದವರೆಲ್ಲ ಮೂಗು ಹಿಗ್ಗಿಸಿ ಡೆಟ್ಟಾಲ್ ವಾಸನೆ ಎಳೆದುಕೊಂಡು, "ಎಷ್ಟು ಸ್ವಚ್ಛ ಇಟ್ಟಾರ!" ಅನ್ನುತ್ತಿದ್ದರು. ನಾನು ಎದ್ದು ಕಿಟಕಿ ತೆರೆಯುತ್ತಿದ್ದೆ.

ಅವತ್ತು ಶಿರಾ ಮಾಡಿ ಡಬ್ಬಿಯಲ್ಲಿ ತಂದಿದ್ದೆ. ಬಾಗಿಲು ದಾಟಿದವಳಿಗೆ ಮಂಚದ ಮೇಲೆ ಯಾರೋ ಮುದುಕ ಕೂತ ಹಾಗೆ ಕಂಡಿತು. ನೀವು. ಕಿವಿ ಕಾಣುವಷ್ಟು, ನೆತ್ತಿಯ ಚರ್ಮ ಕಾಣುವಷ್ಟು ಕತ್ತರಿಸಿದ್ದರು. ನನ್ನನ್ನು ನೋಡಿದ ಕೂಡಲೇ ನಿಮ್ಮ ಎಡಗೈ ತಲೆಯ ಹಿಂದಕ್ಕೆ ಹೋಯಿತು, ತುರುಬು ಸಿಗಲಿಲ್ಲ. ಅಲ್ಲಿಂದ ಹೆಗಲಿಗೆ ಬಂತು, ಸೆರಗು ಹುಡುಕಿತು. ನೈಟಿಗೆಲ್ಲಿಯ ಸೆರಗು? ಬರಿಗಾಳಿಯನ್ನು ಹಿಡಿದು ಹಣೆವರೆಗೆ ಎಳೆದುಕೊಂಡಿರಿ. ನಾನು ಕಂಡೇ ಇರದ ನಿಮ್ಮ ಅಜ್ಜಿಯನ್ನು ಆ ಹೊತ್ತು ಕಂಡೆ, ವೈನಿ. ನೀವು ಓದಿ, ದುಡಿದು, ಅತ್ತೆಗೆ ಎದುರಾಡಿ ದಾಟಿಬಂದಿದ್ದ ಹಿತ್ತಲಿಗೆ ನಿಮ್ಮನ್ನು ಮತ್ತೆ ಎಳೆದುಕೊಂಡು ಹೋಗಿ...

"ಯಾರನ್ನ ಕೇಳಿ ಕತ್ತರಿಸಿದ್ರಿ?" ಎಂದು ಕಿರುಚಿದೆ. ನಿಮ್ಮ ಸೊಸೆ ಅಡುಗೆಮನೆಯಿಂದ ಬಂದಳು. "ಇವರನ್ನ ಕೇಳಿದ್ವಿ ಆಂಟಿ. ಇವರು ಹೂಂ ಅಂದ್ರು." ಇವರು ಅಂದರೆ ನಿಮ್ಮ ಮಗ. "ಕೂದಲಾ ಅವಂದೇನು?" ಅಂದೆ. "ಅತ್ತಿಯವರಿಗೆ ಮಾತ ಬರೂದಿಲ್ಲಲ್ಲ, ಹ್ಯಾಂಗ ಕೇಳೂದು?" "ಮಾತು ಬರೂದಿಲ್ಲ, ಖರೆ. ಬ್ಯಾಡ ಅನ್ನೂದು ಬರ್ತದಲ್ಲ?" ಆಗ ನಿಮ್ಮನ್ನು ನೋಡಿಕೊಳ್ಳಲು ಏಜೆನ್ಸಿ ಇಟ್ಟಿದ್ದ ಬೀದರ್ ಕಡೆಯ ಹುಡುಗಿ, ಪಾಪ, ತನ್ನ ಕಷ್ಟ ಹೇಳಿಕೊಂಡಳು. "ಅಜ್ಜಿ ಕೈ ಭಾಳ ಅಡ್ಡ ತರಾಕತ್ತಿದ್ರು ಅಮ್ಮಾರ. ಅದಕ್ಕ ಸೂಪರ್‌ವೈಸರ್ ಮೇಡಂ ಹಿಡ್ಕೊಂಡ್ರು, ನಾ ಕತ್ತರಿಸಿದೆ."

ಕೈ ಅಡ್ಡ ತರುತ್ತಿದ್ದರಂತೆ! ನೀವು ಬೇಡ ಅಂದಿರಿ, ಸ್ಪಷ್ಟವಾಗಿ ಬೇಡ ಅಂದಿರಿ, ಅವರು ಆ ಕೈಯನ್ನೇ ಹಿಡಿದು ಒತ್ತಿದರು. ಆ ಕಾಲದಲ್ಲಿ ಶಾಸ್ತ್ರ ಅಂದರು, ಈ ಕಾಲದಲ್ಲಿ ಹೈಜೀನ್ ಅಂದರು. ಹಿಡಿದುಕೊಳ್ಳುವ ಕೈಗಳಿಗೆ ಒಂದಲ್ಲ ಒಂದು ಹೆಸರು ಸಿಕ್ಕೇ ಸಿಗುತ್ತದೆ, ಥೂ.

ಮುಖ ತೊಳೆದುಕೊಳ್ಳೋಣವೆಂದು ನಿಮ್ಮ ಬಾತ್‌ರೂಮಿಗೆ ಹೋದೆ. ಹೊಚ್ಚಹೊಸ ಕೆಂಪು ಪ್ಲಾಸ್ಟಿಕ್ ಮಗ್ ಇತ್ತು. ನಮ್ಮ ಗಲ್ಲಿಯಲ್ಲಿ ಕೂಗುತ್ತ ಬರುತ್ತಾನಲ್ಲ, ಕೂದಲು ತಗೊಂಡು ಸಾಮಾನು ಕೊಡುವವನು, ಅವನಿಗೆ ನಿಮ್ಮ ಕೂದಲು ಕೊಟ್ಟು ಅದನ್ನು ತಗೊಂಡಿದ್ದರು. "ಸುಮ್ಮ ಚೆಲ್ಲೂದ್ಯಾಕ ಅಂತ," ಅಂದಳು ಹುಡುಗಿ, ಜಾಣತನ ಮಾಡಿದ ಖುಷಿಯಲ್ಲಿ. ದಿನಾ ಆ ಮಗ್ಗಿನಲ್ಲೇ ನಿಮ್ಮ ಬೋಳು ತಲೆಗೆ ನೀರು ಹಾಕಿದರು. ಇದನ್ನು ಬರೆಯುವಾಗಲೂ ನನ್ನ ಮೈ ಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ.

ಅಂದಿನಿಂದ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಚಹಾ ತಂದರೆ ಮುಷ್ಟಿಯೂ ಇಲ್ಲ, ಅಂಗೈಯೂ ಇಲ್ಲ. ಡಾಕ್ಟರು ಎರಡನೇ ಸಲ ಲಕ್ವಾ ಆಗಿರಬಹುದು ಅಂದರು. ಇರಬಹುದು, ನಾನೇನು ಡಾಕ್ಟರೇ? ಆದರೆ ಬೇಡ ಅಂದರೂ ಬೇಕು ಅಂದರೂ ಒಂದೇ ಆದ ಮೇಲೆ ಕೈಯನ್ನಾದರೂ ಯಾಕೆ ಎತ್ತಬೇಕು? ನೀವು ಹೋದ ಹದಿಮೂರನೇ ದಿನ ನೋಡಿದರೆ ಗೋಡೆಯ ಮೇಲೆ ದೊಡ್ಡ ತುರುಬಿನ ನಿಮ್ಮ ಹಳೇ ಫೋಟೋ, ಅದಕ್ಕೆ ಹೂವಿನ ಹಾರ. "ಎಂಥಾ ಕೂದಲ್ರೀ ನಮ್ಮ ಅತ್ತಿಯವರದು!" ಎಂದು ನಿಮ್ಮ ಸೊಸೆ ಬಂದವರಿಗೆಲ್ಲ ತೋರಿಸುತ್ತಿದ್ದಳು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಬುಂದಿ ಲಾಡು ಎಲೆಯಲ್ಲೇ ಬಿಟ್ಟು ಎದ್ದೆ. ಬರುವಾಗ ಆ ಮಗ್ಗನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಬೇಕಾದರೆ ಕದ್ದೆ ಅನ್ನಿ.

ಈಗ ನನ್ನ ಪಾಳಿ ಕೇಳಿ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನನ್ನ ಮಗಳು ವಿದ್ಯಾ ಯಾರನ್ನು ಕರೆಸಿದ್ದಳು ಗೊತ್ತೇ? ಅವಳನ್ನೇ, ಆ ಸೂಪರ್‌ವೈಸರ್ ಹೆಂಗಸನ್ನೇ! ಎಲ್ಲರೂ ಒಳ್ಳೆಯ ಏಜೆನ್ಸಿ ಅಂದರಂತೆ. ಅವಳು ಕುರ್ಚಿ ಎಳೆದು ವಿದ್ಯಾಳ ಎದುರು ಕೂತಳು. ನಾನು ನಡುವೆ ಮಂಚದ ಮೇಲೆ, ಮಾರಲಿಟ್ಟ ಹಳೇ ಸೋಫಾದ ಹಾಗೆ. ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಲ್ಲ ಪ್ರಶ್ನೆ ವಿದ್ಯಾಳಿಗೆ. ಕೊನೆಗೆ ನನ್ನ ಜಡೆ ಎರಡು ಬೆರಳಲ್ಲಿ ಎತ್ತಿ, "ಹೇರ್ ಷಾರ್ಟ್ ಕರಾ ದೇಂಗೆ ಮೇಡಂ, ಹೈಜೀನ್ ಕೇ ಲಿಯೇ," ಅಂದಳು. ಸ್ವಚ್ಛತೆಗೆಂದು ಕೂದಲು ಗಿಡ್ಡ ಮಾಡಿಸುತ್ತಾರಂತೆ! ವಿದ್ಯಾ ತಲೆ ಆಡಿಸಿದಳು, ವೈನಿ. ಶಾಲೆಗೆ ಹೊತ್ತಾಯಿತೆಂದು ನಿಮ್ಮ ಮುಂದೆ ಕೂತು ಎರಡು ಜಡೆ ಹಾಕಿಸಿಕೊಂಡು ಓಡುತ್ತಿದ್ದ ಹುಡುಗಿ, ಹೂಂ ಎಂದು ತಲೆ ಆಡಿಸಿದಳು!

"ವಿದ್ಯಾ, ಯಾರನ್ನ ಕೇಳಿ ಹೂಂ ಅಂದಿ?" ಎಂದೆ. "ಅಮ್ಮಾ, ನೀ ಸುಮ್ನ ಮಲಕೋ. ನಾ ಮಾತಾಡ್ತೀನಿ." "ಟೊಂಕ ಮುರದದ, ಬಾಯಿ ಮುರದಿಲ್ಲ. ಮೊದಲ ಕಪಾಟಿನ ಮ್ಯಾಲಿಂದ ಆ ಕೆಂಪು ಮಗ್ ತಗೊಂಡ ಬಾ." ತಂದಳು. ಅದನ್ನು ಏನು ಕೊಟ್ಟು ತಂದದ್ದು, ಅದರಿಂದ ಯಾರ ತಲೆಗೆ ನೀರು ಹಾಕಿದರು, ಯಾರು ಯಾರ ಕೈ ಒತ್ತಿ ಹಿಡಿದಿದ್ದರು, ಎಲ್ಲ ಹೇಳಿದೆ, ಆ ಹೆಂಗಸಿನ ಮುಖ ನೋಡುತ್ತಲೇ ಹೇಳಿದೆ. ಅವಳು ನಕ್ಕಳು. ನಕ್ಕು, ನನಗಲ್ಲ, ವಿದ್ಯಾಳಿಗೆ ಹೇಳಿದಳು: "ಈ ಏಜ್‌ಲೋ ಮೂಡ್ ಸ್ವಿಂಗ್ಸ್ ಉಂಟಾಯಿ ಮೇಡಂ." ಈ ವಯಸ್ಸಲ್ಲಿ ಮನಸ್ಸು ಹೀಗೇ ಏರುಪೇರಾಗುತ್ತದಂತೆ! ಮುಖಕ್ಕೆ ಉಗಿಯಬೇಕು ಅನ್ನಿಸಿತು. ವಯಸ್ಸಾದವಳ ಸಿಟ್ಟಿಗೂ ಇವರಲ್ಲಿ ಒಂದು ಕಾಯಿಲೆಯ ಹೆಸರಿದೆ.

ವಿದ್ಯಾ ಮಗ್ ಹಿಡಿದು ನಿಂತೇ ಇದ್ದಳು. "ಇಂದಿರಾ ಆಂಟಿ ಕೂದಲಾ?" ಎಂದಳು. ಹೂಂ ಎಂದೆ. ಅವಳು ಹೋಗಿ ಬಾಗಿಲು ತೆರೆದು, ಆ ಹೆಂಗಸಿಗೆ, "ನಾವು ಬೇರೆ ನೋಡ್ಕೋತೀವಿ," ಎಂದು ಕಳಿಸಿಬಿಟ್ಟಳು. ಆಮೇಲೆ ಬಂದು ನನ್ನ ಮಂಚದ ಹತ್ತಿರ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡು ಕೇಳಿದಳು: "ಅಮ್ಮಾ, ನಿನ್ನ ಕೂದಲಾ ಹ್ಯಾಂಗ ಇರಬೇಕು ನಿನಗ?"

ಅರವತ್ತು ದಾಟಿ ಎಷ್ಟೋ ವರ್ಷವಾದ ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವ್ವ ಕೇಳಲಿಲ್ಲ, ಅತ್ತೆ ಕೇಳಲಿಲ್ಲ, ಗಂಡನಂತೂ ನನಗೆ ಕೂದಲಿದೆ ಎಂಬುದನ್ನೇ ಗಮನಿಸಿದ ಹಾಗಿರಲಿಲ್ಲ. ಯೋಚಿಸಿದೆ. ಯೋಚಿಸಿ ನಾನೇನು ಅಂದೆ, ಹೇಳಿದರೆ ನೀವು ಬೈಯಬಾರದು.

"ಕತ್ತರಸ್ಕೋತೀನಿ," ಎಂದೆ.

ವಿದ್ಯಾ ಬಾಯಿ ಬಿಟ್ಟು ನೋಡಿದಳು. ಅಷ್ಟೆಲ್ಲ ರಂಪ ಮಾಡಿದವಳು ಇವಳೇ ಏನು ಎಂದು. ಕತ್ತರಿಯ ಮೇಲೆ ನನಗೆಂಥ ಸಿಟ್ಟು, ವೈನಿ? ಮರುದಿನ ಕೆಳಗಿನ ಪಾರ್ಲರಿನವಳು ಮನೆಗೆ ಬಂದಳು. ನನ್ನ ಎಡಗೈಗೆ ಕನ್ನಡಿ ಕೊಡು ಎಂದೆ. ಇಲ್ಲಿಗೆ, ಇನ್ನೂ ಚೂರು ಮೇಲೆ, ಕಿವಿ ಹತ್ತಿರ ನಿಲ್ಲಿಸು, ಎಂದು ಹೇಳಿ ಹೇಳಿ ಕತ್ತರಿಸಿಕೊಂಡೆ. ನಾಚಾರಂನ ಆ ಹುಡುಗಿಯಷ್ಟು ಚೆಂದ ಕಾಣುವುದಿಲ್ಲ, ಬಿಡಿ. ಈಗ ಬೆಳಿಗ್ಗೆ ಸ್ನಾನ ಮಾಡಿಸಲು ಯಾದಮ್ಮ ಎಂಬವಳು ಬರುತ್ತಾಳೆ, ನೀರು ಎಷ್ಟು ಬಿಸಿ ಬೇಕೆಂದು ನನ್ನನ್ನೇ ಕೇಳುತ್ತಾಳೆ. ಕೇಳದೆ ಇದ್ದರೆ ನಾನು ಬಿಡುತ್ತೇನೆಯೇ? ವಿದ್ಯಾಗೆ ನಮ್ಮ ಎಡಗೈ ಏರ್ಪಾಡು ಕಲಿಸಿದ್ದೇನೆ. ನಾಳೆ ನನ್ನ ಬಾಯಿಯೂ ನಿಂತರೆ ಅಂಗೈ ನೋಡಿಯೇ ಮುಂದಿನ ಕೆಲಸ ಎಂದು ಆಣೆ ಹಾಕಿಸಿಕೊಂಡಿದ್ದೇನೆ. ನಿಮಗೆ ಇದಿಷ್ಟನ್ನು ಯಾರಾದರೂ ಮಾಡಿದ್ದಿದ್ದರೆ...

ಪಾರ್ಲರಿನವಳು ಹೋದ ಮೇಲೆ, ಅಭ್ಯಾಸಬಲ, ಕೈ ತಲೆಯ ಹಿಂದಕ್ಕೆ ಹೋಯಿತು. ಇಲಿಬಾಲ ಇರಲಿಲ್ಲ. ಬರಿದಾದ ಕುತ್ತಿಗೆಗೆ ಫ್ಯಾನಿನ ಗಾಳಿ ತಗಲುತ್ತಿತ್ತು. ಹೆಗಲ ಮೇಲೆ ಸೆರಗು ಇದ್ದಲ್ಲೇ ಇತ್ತು. ಅದನ್ನು ತಲೆಯ ಮೇಲೆ ಎಳೆದುಕೊಳ್ಳಬೇಕು ಅನ್ನಿಸಲಿಲ್ಲ, ವೈನಿ.

ನಿಮ್ಮ,
ಕುಸುಮಾ