ಮುಂದಿನ ಹಲ್ಲು, ಹಿತ್ತಲ ಕಲ್ಲು

22 ಜೂನ್ 2007, ಶುಕ್ರವಾರ. ಬಸವಕಲ್ಯಾಣ

ಐದೂವರೆಗೆ ಎದ್ದೆ. ಅತ್ತೆ ಆಗಲೇ ಹಿತ್ತಲ ಕಲ್ಲಿನ ಮೇಲೆ. ಡಬ್ಬಿ ಮುಂದೆ ಸರಿಸಿದರು. ಇಬ್ಬರೂ ಬಾಯಿಗೆ ಬೆರಳು ಹಾಕಿ ಹಲ್ಲಿಗೆ ಮಿಶ್ರಿ ಪುಡಿ ಉಜ್ಜುತ್ತ ಕಾಲು ಗಂಟೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಎಲೆ ತಂದು ತವೆಯ ಮೇಲೆ ಕರ್ರಗೆ ಹುರಿದು ಪುಡಿ ಮಾಡುವುದು ಅತ್ತೆಯ ಕೆಲಸ. ಬಾಯಿ ತುಂಬಿರುತ್ತದೆ, ಮಾತಿಲ್ಲ. ಮಾತಿಲ್ಲದ್ದರಿಂದ ಜಗಳವೂ ಇಲ್ಲ. ಓಣಿಯಲ್ಲಿ ನಮ್ಮಂಥ ಅತ್ತೆ-ಸೊಸೆ ಇಲ್ಲ ಅಂತ ಹೆಸರು. ಗುಟ್ಟು ಇಷ್ಟೇ.

ಶಾಲೆ. ಒಂದನೇ ಕ್ಲಾಸು ನನ್ನದೇ. ಸಾಲಾಗಿ ನಿಲ್ಲಿಸಿ ಅ ಆ ಇ ಈ ಹೇಳಿಸಿದೆ. ಅರ್ಧಕ್ಕರ್ಧ ಮಕ್ಕಳು ಎಡಗೈ ಬಾಯಿಗೆ ಅಡ್ಡ ಹಿಡಿದು ಹೇಳಿದರು. ಕೈ ತೆಗೀರಿ ಅಂದೆ. ಶೀತಲ ಎಂಬ ಚೋಟುದ್ದ ಹುಡುಗಿ: "ನೀವೂ ಹಂಗೇ ಹಿಡೀತೀರಲ್ರಿ ಟೀಚರ್!"

ಹೋದ ವರ್ಷ ದೀಪಾವಳಿ ಮುಂದೆ ಮುಡಬಿಯಿಂದ ಬರುವಾಗ ಬಸ್ಸು ಬ್ರೇಕ್ ಹೊಡೆದದ್ದು, ಮುಂದಿನ ಸೀಟಿನ ಕಂಬಿಗೆ ಮುಂದಿನ ಹಲ್ಲು ಕೊಟ್ಟದ್ದು. ಆವತ್ತಿನಿಂದ ಕೈ ಬಾಯಿಗೆ. ಹಾಕಿ-ತೆಗೆಯುವ ಹಲ್ಲು ಮಾಡಿಸಿದರೆ ಅದು ಮೀಟಿಂಗಿನಲ್ಲಿ ಎಲ್ಲರೆದುರು ಉಪ್ಪಿಟ್ಟಿನೊಳಗೆ ಬಿತ್ತು. ಸಾಕು. ನಾನು ಮುಚ್ಚಿಕೊಂಡರೆ ನನ್ನ ಹಣೆಬರಹ. ಮಕ್ಕಳು ಯಾಕೆ ಮುಚ್ಚಿಕೊಳ್ಳಬೇಕು? ಇಂಪ್ಲಾಂಟ್ ಮಾಡಿಸುವುದೇ.

24 ಜೂನ್, ಭಾನುವಾರ

ಹುಮನಾಬಾದಿಗೆ ಹೋಗಿದ್ದೆವು. ಹಲ್ಲಿನ ಡಾಕ್ಟರ್ ಸೈಫುದ್ದೀನ್. ವಯಸ್ಸು ಕಡಿಮೆ, ಸಮಾಧಾನ ಜಾಸ್ತಿ. ಕಾಗದದ ಮೇಲೆ ಬರೆದು ತೋರಿಸಿದರು — ದವಡೆ ಎಲುಬಿನೊಳಗೆ ಟೈಟೇನಿಯಂ ಸ್ಕ್ರೂ, ಎಲುಬು ಬೆಳೆದು ಅದನ್ನು ಹಿಡಿಯಲು ನಾಲ್ಕೈದು ತಿಂಗಳು, ಆಮೇಲೆ ಮೇಲೆ ಹಲ್ಲಿನ ಕ್ಯಾಪು. "ನಾವ್ ಕೂಡಸ್ತೀವ್ರಿ. ಹಿಡಿಯೋದು ನಿಮ್ಮ ಎಲುಬಿನ ಕೆಲಸ."

ಶುಗರ್? ಬಿಪಿ? ಇಲ್ಲ, ಇಲ್ಲ. "ತಂಬಾಕು-ಗಿಂಬಾಕು ತಿಂತೀರೇನ್ರಿ?" ಸಿಟ್ಟೇ ಬಂತು. ಕೊರಳಲ್ಲಿ ಲಿಂಗ, ಕೈಯಲ್ಲಿ ಚಾಕ್‌ಪೀಸು ಇರುವವಳನ್ನು ಕೇಳುವ ಮಾತೇ? "ಛೀ, ಇಲ್ರಿ!" ಅಂದೆ. ಪಕ್ಕದಲ್ಲಿದ್ದ ನನ್ನ ಯಜಮಾನರು ಗುಟಕಾ ಚೀಟಿಯನ್ನು ಕಿಸೆಯೊಳಗೆ ಇನ್ನಷ್ಟು ತಳ್ಳಿಕೊಂಡರು.

8 ಜುಲೈ, ಸಂಜೆ

ಆಯಿತು. ಇಂಜೆಕ್ಷನ್ ಚುಚ್ಚಿದಾಗ ಕಣ್ಣಲ್ಲಿ ನೀರು. ಆಮೇಲೆ ತುಟಿ ನನ್ನದಲ್ಲ. ಕೊರೆಯುವಾಗ ನೋವಿಲ್ಲ — ಆದರೆ ಸದ್ದು! ತಲೆಯೊಳಗೇ ಬೋರ್‌ವೆಲ್ ಹೊಡೆದಂತೆ. ಮೂರು ಹೊಲಿಗೆ. ಒಸಡಿನ ಮೇಲೆ ಅಂಗಿ ಗುಂಡಿಯಷ್ಟು ಲೋಹ ಕಾಣುತ್ತದೆ. ಜೋರಾಗಿ ಉಗುಳಬಾರದು, ಬಿಸಿ ಕುಡಿಯಬಾರದು, ಅಲ್ಲಿ ಬ್ರಷ್ ತಾಗಿಸಬಾರದು. ಮನೆಗೆ ಬಂದರೆ ಅತ್ತೆ ಜೋಳದ ಅಂಬಲಿ ಆರಿಸಿ ಇಟ್ಟಿದ್ದರು.

10 ಜುಲೈ

ಮುಖ ಕುಂಬಳಕಾಯಿ. ಯಜಮಾನರು ಪುಠಾಣಿ ಕಡಲೆ ತಂದು ನನ್ನೆದುರೇ ಕಟಕಟ ತಿಂದರು. ಕಡಲೆ ಇದ್ದಾಗ ಹಲ್ಲಿಲ್ಲ — ಗಾದೆ ಮಾಡಿದವಳಿಗೂ ಇಂಥ ಗಂಡನೇ ಇದ್ದಿರಬೇಕು. ತಲೆ ಸಿಡಿಯುತ್ತಿದೆ. ಹಲ್ಲಿನದಲ್ಲ, ಬೇರೇನೋ.

14 ಜುಲೈ

"ಒಬ್ಬಾಕಿನೇ ಕುಂತು ಬ್ಯಾಸರಾಗ್ಯದ ಯವ್ವಾ," ಅಂದರು ಅತ್ತೆ. ಆರು ದಿನದ ಮೇಲೆ ಹೋಗಿ ಕಲ್ಲಿನ ಮೇಲೆ ಕುಂತೆ. ಬ್ರಷ್ ಬೇಡ ಅಂದಿದ್ದಾರೆ, ಸರಿ. ಬೆರಳು ಮೆತ್ತಗಿರುತ್ತದಲ್ಲ. ಮಿಶ್ರಿ ತೀಡಿದ್ದೇ ತಡ, ತಲೆನೋವು ಮಾಯ. ತವರಿಗೆ ಬಂದಷ್ಟು ಸುಖ.

23 ಸೆಪ್ಟೆಂಬರ್

ನಾಲಿಗೆ ತಾಗಿಸಿದರೆ ಸ್ಕ್ರೂ ಅಲ್ಲಾಡುತ್ತದೆ. ಮತ್ತೆ ತಾಗಿಸಿದೆ. ಅಲ್ಲಾಡುತ್ತದೆ. ಯಾರಿಗೂ ಹೇಳಿಲ್ಲ.

30 ಸೆಪ್ಟೆಂಬರ್, ಭಾನುವಾರ

ಡಾಕ್ಟರ್ ಸ್ಕ್ರೂ ಎರಡು ಸುತ್ತು ತಿರುಗಿಸಿದರು, ಬಂತು. ಟ್ರೇನಲ್ಲಿ ಟಣ್ ಅಂತು. ಎಲುಬು ಹಿಡಿದೇ ಇಲ್ಲ.

ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಬಲಗೈ ಬೆರಳು ನೋಡಿ: "ಈ ಬಟ್ಟು ಯಾಕ ಕರ್ರಗದ ಟೀಚರ್?"

"ಮಿಶ್ರಿ ರೀ. ಹಲ್ಲು ಉಜ್ಜೋದು."

ಅವರು ಹಣೆ ಹಿಡಿದುಕೊಂಡರು. "ಅದೂ ತಂಬಾಕೇ ಅಲ್ರಿ! ಒಸಡಿಗಿ ಹೋಗೋ ರಕ್ತಾನೇ ನಿಲ್ಲಸ್ತದ ಅದು, ಎಲುಬು ಹೆಂಗ ಹಿಡೀಬೇಕು?" ತಂಬಾಕಿನ ಎಲೆ ಅಂತ ಗೊತ್ತಿಲ್ಲದೆ ಏನು? ಅತ್ತೆ ಹುರಿಯುವಾಗ ಸೀನಿ ಸೀನಿ ಸಾಯುತ್ತೇನೆ. ಆದರೆ ತಿನ್ನುವುದು ಚಟ, ಉಜ್ಜುವುದು ಶುಚಿ — ನಮ್ಮ ಮನೆಯ ಲೆಕ್ಕವೇ ಹಾಗೆ. ಬೈಯುತ್ತಾರೆ ಅಂದುಕೊಂಡೆ. "ತಪ್ಪು ನಂದೇ ರೀ," ಅಂದರು. "ನಮ್ಮ ಅಮ್ಮೀನೂ ಜಿಂದಗಿ ಪೂರಾ ಇದೇ ಉಜ್ಜಿದಾರ. ನಾ ಬರೋಬ್ಬರಿ ಕೇಳಬೇಕಿತ್ತು."

ಪೂರಾ ಬಿಟ್ಟರೆ ಫೆಬ್ರುವರಿಯಲ್ಲಿ ಮತ್ತೆ ನೋಡಬಹುದಂತೆ. ಅದೂ ಹಿಡಿಯದಿದ್ದರೆ ಮುಂದೆ ದಾರಿ ಇಲ್ಲ.

6 ಅಕ್ಟೋಬರ್

ಒಳಗೆ ಬಚ್ಚಲಲ್ಲಿ ಪೇಸ್ಟು. ಹಿತ್ತಲಿಗೆ ಹೋಗಿಲ್ಲ. ಮೈಯೆಲ್ಲ ಕಿರಿಕಿರಿ, ಶಾಲೆಯಲ್ಲಿ ಮಕ್ಕಳ ಮೇಲೆ ರೇಗಿದೆ. ಕಾರಣ ಹೇಳಿದರೆ ಅತ್ತೆ ತಾವೇ ನನ್ನ ಹಲ್ಲು ಕಿತ್ತಂತೆ ಕೊರಗುತ್ತಾರೆ. ಹೇಳದಿದ್ದರೆ...

9 ಅಕ್ಟೋಬರ್

ಅತ್ತೆಯೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ನನ್ನಿಂದೇನರ ತಪ್ಪಾಗ್ಯದೇನ್ ಯವ್ವಾ? ಮಾರಿ ತಪ್ಪಸಾಕತ್ತಿ."

ಹೇಳಿಬಿಟ್ಟೆ. ಎಲ್ಲ. ಅತ್ತೆ ಸೀದಾ ಹಿತ್ತಲಿಗೆ ಹೋಗಿ ಡಬ್ಬಿಯನ್ನು ಬೂದಿಗುಂಡಿಗೆ ಸುರುವಿ ಬಂದರು. ಎಪ್ಪತ್ತೆಂಟು ವರ್ಷದ ಸೂಗಮ್ಮ, ಬಾಯಲ್ಲಿ ನಾಲ್ಕು ಹಲ್ಲು, ಯಾವ ಸ್ಕ್ರೂ ಹಿಡಿಯಬೇಕಾಗಿತ್ತು ಅವರಿಗೆ? "ನೀವ್ಯಾಕ ಬಿಡ್ತೀರಿ ಅತ್ತೀ?" ಅಂದೆ. "ಮನ್ಯಾಗ ವಾಸನಿ ಇದ್ದರ ನಿನಗ ಆಸಿ ಆಗ್ತದ," ಅಂದರು.

12 ನವೆಂಬರ್

ಮಿಶ್ರಿ ಬಿಟ್ಟಾಗಿನಿಂದ ಅತ್ತೆಗೆ ಹೊಟ್ಟೆ ಕಟ್ಟಿದೆ, ನಿದ್ದೆ ಇಲ್ಲ. ಹಾಲು ಕುಡೀರಿ ಅಂದರೆ ಲೋಟ ತಳ್ಳಿದರು. ಆಮೇಲೆ ತಾವೇ ತೊಳೆದಿಟ್ಟರು. ನನ್ನ ಒಂದು ಹಲ್ಲಿಗೆ ಆ ಜೀವ ಇಷ್ಟು ಸವೆಯಬೇಕೆ?

3 ಫೆಬ್ರುವರಿ 2008, ಭಾನುವಾರ

ಎರಡನೇ ಸಲ. ಹುಮನಾಬಾದಿಗೆ ಅತ್ತೆಯೂ ಬಂದರು, ಬೇಡವೆಂದರೂ. ಡಾಕ್ಟರ್ ನನ್ನ ಬೆರಳು ನೋಡಿದರು. ಅತ್ತೆ ಕೇಳದೆಯೇ ತಮ್ಮದನ್ನೂ ಚಾಚಿದರು. ಎಲುಬು ಗಟ್ಟಿ ಇದೆಯಂತೆ, ಹೊಸ ಸ್ಕ್ರೂ ಕೂಡಿಸಿದರು. ಇನ್ನು ಜೂನಿನವರೆಗೆ ಕಾಯುವುದು.

5 ಫೆಬ್ರುವರಿ, ಬೆಳಿಗ್ಗೆ

ಬಾವು. ಮಾತಾಡಬಾರದು. ಆದರೂ ಹಿತ್ತಲಿಗೆ ಹೋಗಿ ಕುಂತೆ, ನಾಲ್ಕು ತಿಂಗಳ ಮೇಲೆ. ಅತ್ತೆ ಬಂದು ಪಕ್ಕದಲ್ಲಿ ಕುಂತರು. ಇಬ್ಬರ ಬಾಯಿಯೂ ಖಾಲಿ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಹನ್ನೆರಡು ವರ್ಷದಾಕಿ ಇದ್ದೆ ಯವ್ವಾ, ಈ ಮನಿಗಿ ಬಂದಾಗ," ಅಂದರು. "ಅವ್ವ ಬೇಕಂತ ದಿನಾ ಇಲ್ಲೇ ಕುಂತು ಅಳ್ತಿದ್ದೆ. ನಮ್ಮ ಅತ್ತಿ ಬಂದು ಬಾಯಾಗ ಮಿಶ್ರಿ ಹಾಕಿದಳು. ಮಿಶ್ರಿ ಇದ್ದರ ಬಾಯಿ ತೆರೆದು ಅಳಾಕ ಬರಂಗಿಲ್ಲ ನೋಡು. ನೀ ಬಂದಾಗ ನೀನೂ ಅಳಾಕತ್ತಿದ್ದಿ. ನನಗರ ಬ್ಯಾರೆ ಏನ್ ಗೊತ್ತಿತ್ತು..."

ಅಷ್ಟಕ್ಕೇ ಅತ್ತೆ ಅತ್ತರು. ಅವ್ವಾ, ಅವ್ವಾ ಎಂದು ಕೂಗಿ, ಬಾಯಿ ತೆರೆದು, ಅರವತ್ತಾರು ವರ್ಷದ್ದು ಒಮ್ಮೆಲೇ. ಎಳೆದು ತಬ್ಬಿಕೊಂಡೆ. ತುಟಿ ಅಗಲಿಸಬೇಡಿ ಎಂದಿದ್ದಾರೆ ಡಾಕ್ಟರ್. ಹೊಲಿಗೆ ಜಗ್ಗುತ್ತಿತ್ತು. ಆದರೂ ನಾನೂ ಬಾಯಿ ತೆರೆದು —